ಹುಳಿಯನ್ನು ಸಿಹಿಯಾಗಿಸುವ ಮಿರಾಕಲ್ ಫ್ರೂಟ್: ತಿನ್ನುವ ಮತ್ತು ಬೆಳೆಸುವ ಕ್ರಮ

ಮಿರಾಕಲ್ ಫ್ರೂಟ್ ಎಂಬ ಪುಟ್ಟ ಕೆಂಪು ಹಣ್ಣು ಘಾನಾ, ಬೆನಿನ್, ನೈಜೀರಿಯಾ ಮೊದಲಾದ ಪಶ್ಚಿಮ ಆಫ್ರಿಕಾದ ದೇಶಗಳದು. ಗಿಡ ಸಪೋಟ, ಹಿಪ್ಪೆ, ರಂಜಲುಗಳ ಕುಟುಂಬಕ್ಕೆ ಸೇರಿದ್ದು. ಹುಳಿ ಬಂದ ಮೆಕ್ಕೆಜೋಳದ ತಿನಿಸನ್ನು ತಿನ್ನುವ ಮತ್ತು ಹುಳಿ ಹೆಂಡ ಕುಡಿಯುವ ಮೊದಲು ಅಲ್ಲಿನ ಜನರು ಇದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು; ಊಟಕ್ಕೆ ಮುಂಚೆ ಇದನ್ನು ಜಗಿಯುವ ರೂಢಿಯನ್ನು ಫ್ರೆಂಚ್ ಪ್ರವಾಸಿ ದೆ ಮಾರ್ಶೆ 1725ರ ಸುಮಾರಿಗೆ ದಾಖಲಿಸಿದ್ದಾನೆ.

ಹಣ್ಣಿಗೆ ಹೇಳಿಕೊಳ್ಳುವಂಥ ಸಿಹಿಯೇನೂ ಇಲ್ಲ. ಅದರ ತಿರುಳಿನಲ್ಲಿರುವ ಮಿರಾಕ್ಯುಲಿನ್ ಎಂಬ ಪ್ರೋಟೀನು ನಾಲಿಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಬಾಯಿಗೆ ಆಮ್ಲ ಬಿದ್ದಾಗ ಮಾತ್ರ ಆ ಗ್ರಾಹಕಗಳನ್ನು ಕೆರಳಿಸುತ್ತದೆ. ಆದ್ದರಿಂದ ಹಣ್ಣನ್ನು ನುಂಗುವುದಕ್ಕಿಂತ ನಾಲಿಗೆಗೆ ಸವರುವುದೇ ಮುಖ್ಯ.

ಮೊದಲು ತಣ್ಣೀರಿನಿಂದ ಬಾಯಿ ಮುಕ್ಕಳಿಸಿ. ಚೆನ್ನಾಗಿ ಕೆಂಪಾದ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಬೀಜವನ್ನು ಕಚ್ಚದೆ ತಿರುಳನ್ನು ಬಿಡಿಸಿ, ನಾಲಿಗೆಯ ತುದಿ, ಅಂಚು, ಹಿಂಭಾಗ ಎಲ್ಲಕ್ಕೂ ತಾಗುವಂತೆ ಒಂದೆರಡು ನಿಮಿಷ ಹೊರಳಿಸಬೇಕು. ಬೀಜ ಕಹಿಯಾದ್ದರಿಂದ ಅದನ್ನು ಉಗಿದುಬಿಡಿ. ಒಣಗಿಸಿದ ತಿರುಳಿನ ಮಾತ್ರೆಯಾದರೆ ಅದನ್ನು ನೀರಿನೊಡನೆ ನುಂಗದೆ ನಾಲಿಗೆಯ ಮೇಲೆಯೇ ಕರಗಲು ಬಿಡಬೇಕು.

ಅನಂತರ ನಿಂಬೆಹಣ್ಣಿನ ಹೋಳೊಂದನ್ನು ಚೀಪಿ ನೋಡಿ. ಹುಳಿ ಪೂರ್ತಿ ಮಾಯವಾಗದಿದ್ದರೂ ಸಕ್ಕರೆ ಬೆರೆಸಿದ ಪಾನಕದಂತೆ ಅನ್ನಿಸುತ್ತದೆ. ಹುಣಸೆ, ಹುಳಿ ಮೊಸರು, ಮಾವಿನಕಾಯಿಗಳನ್ನೂ ಹೀಗೆಯೇ ಪರೀಕ್ಷಿಸಬಹುದು. ನೆಲ್ಲಿಕಾಯಿಯ ಹುಳಿ ಸಿಹಿಯಾಗುತ್ತದೆ, ಒಗರು ಹಾಗೆಯೇ ಉಳಿಯುತ್ತದೆ. ಹಾಗಲಕಾಯಿಯ ಕಹಿಯ ಮೇಲೂ ಮೆಣಸಿನಕಾಯಿಯ ಖಾರದ ಮೇಲೂ ಇದರ ಆಟ ನಡೆಯುವುದಿಲ್ಲ. ಪರಿಣಾಮ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೆರಡು ಗಂಟೆಯವರೆಗೆ ಇರುತ್ತದೆ. ಆ ಹೊತ್ತಿನಲ್ಲಿ ಊಟಕ್ಕೆ ಕೂರದಿರುವುದೇ ಲೇಸು: ಸಾರು, ಮಜ್ಜಿಗೆ, ಉಪ್ಪಿನಕಾಯಿ ಎಲ್ಲವೂ ಸಿಹಿಯಾದರೆ ಊಟದ ರುಚಿಯೇ ಕೆಡುತ್ತದೆ. ಬಿಸಿ ತಾಗಿದರೆ ಪ್ರೋಟೀನು ಕೆಡುವುದರಿಂದ ಈ ಹಣ್ಣಿನ ಜಾಮು, ಗೊಜ್ಜು ಕುದಿಸಿ ಪ್ರಯೋಜನವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬದಲಾಗುವುದು ನಾಲಿಗೆಯ ಗ್ರಹಿಕೆಯೇ ಹೊರತು ನಿಂಬೆಯ ಆಮ್ಲವಲ್ಲ. ಸಿಹಿಯೆಂದು ನಾಲ್ಕಾರು ನಿಂಬೆಹಣ್ಣು ತಿಂದರೆ ಹಲ್ಲು ಜುಮ್ಮೆನ್ನುವುದೂ ಹೊಟ್ಟೆ ಉರಿಯುವುದೂ ತಪ್ಪುವುದಿಲ್ಲ. ಮೂತ್ರಪಿಂಡದ ತೊಂದರೆಯಿರುವವರು ಈ ನೆಪದಲ್ಲಿ ಬಿಂಬುಳಿ, ಧಾರೆಹುಳಿಗಳನ್ನು ತಿನ್ನಲೇಬಾರದು. ಸಕ್ಕರೆ ಕಾಯಿಲೆಗೆ ಇದು ಔಷಧವೆಂಬ ಮಾತನ್ನು ನಂಬಬೇಕಾಗಿಲ್ಲ; ಸಕ್ಕರೆಯಿಲ್ಲದ ನಿಂಬೆ ಶರಬತ್ತನ್ನು ಸಂತೋಷದಿಂದ ಕುಡಿಯಲು ನೆರವಾದೀತು, ಅಷ್ಟೇ.

ಕಿತ್ತ ಹಣ್ಣು ಫ್ರಿಜ್ಜಿನಲ್ಲಿಯೂ ಎರಡು ಮೂರು ದಿನಕ್ಕಿಂತ ಹೆಚ್ಚು ಚೆನ್ನಾಗಿ ಉಳಿಯದ ಕಾರಣ ಗಿಡವನ್ನೇ ಬೆಳೆಸುವುದು ಒಳ್ಳೆಯ ದಾರಿ. ಇದಕ್ಕೆ ಬೇಕಾದುದು ಪಿಎಚ್ 4.5ರಿಂದ 5.8ರವರೆಗಿನ ಹುಳಿ ಮಣ್ಣು, ತೇವದ ಹವೆ ಮತ್ತು ಅರೆನೆರಳು. ಮಲೆನಾಡು ಮತ್ತು ಕರಾವಳಿಯ ಮಣ್ಣು ಸಾಮಾನ್ಯವಾಗಿ ಹೊಂದುತ್ತದೆ. ಬಯಲುಸೀಮೆಯ ಎರೆಮಣ್ಣು ಕ್ಷಾರೀಯವಾದ್ದರಿಂದ ಅಲ್ಲಿನವರು ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಕುಂಡದಲ್ಲಿ ಬೆಳೆಸುವುದು ಮೇಲು. ನೀರು ನಿಲ್ಲಬಾರದು, ಸುಣ್ಣ ಹಾಕಬಾರದು. ಗಡಸು ಬೋರ್‌ವೆಲ್ ನೀರಿಗಿಂತ ಸಂಗ್ರಹಿಸಿದ ಮಳೆನೀರು ಉತ್ತಮ. ಬೀಜ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಹಣ್ಣು ತಿಂದ ದಿನವೇ ಅದನ್ನು ತೊಳೆದು ಬಿತ್ತಿಬಿಡಿ. ಬೆಳವಣಿಗೆ ಬಹಳ ನಿಧಾನ. ಬೀಜದ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷವಾದರೂ ಬೇಕು.