ಹಣೆಗೆ ಭಸ್ಮ ಇರಲಿ, ಕಿಸೆಯಲ್ಲಿ ಗುಳಿಗೆಯೂ ಇರಲಿ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ನಮ್ಮದು ಲಿಂಬೆ ತೋಟ. ತೋಟ ನೋಡಿಕೊಳ್ಳುವವನು ಅಣ್ಣ. ನಾನು ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟು 18 ವರ್ಷವಾಯಿತು. ಮನೆಯವರೆಲ್ಲ ದತ್ತನ ಭಕ್ತರು. ಗುರುವಾರ ಒಪ್ಪತ್ತು, ವರ್ಷಕ್ಕೆರಡು ಸಲ ಗಾಣಗಾಪುರ. ಇಂಥ ಮನೆಯಲ್ಲಿ ಅಣ್ಣನಿಗೆ ಖಿನ್ನತೆ ಬಂತು. ಅವನನ್ನು ಮನೋವೈದ್ಯರ ಬಾಗಿಲಿಗೆ ಮುಟ್ಟಿಸಲು ನನಗೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಐದು ತಿಂಗಳು ನನ್ನ ಬಾಯಿಯಿಂದಲೇ ಹಾಳಾದವು. ನಿಮ್ಮ ಮನೆಯಲ್ಲಿ ಅಷ್ಟು ದಿನ ಹೋಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಗುರುತು ಹಿಡಿಯಬೇಕು

ಅಣ್ಣ ಒಂದು ದಿನವೂ ‘ಬೇಜಾರು’ ಅನ್ನಲಿಲ್ಲ. ‘ತಲೆ ಭಾರ’ ಅಂದ, ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತೈತಿ’ ಅಂದ. ನಸುಕಿನ ಮೂರಕ್ಕೆ ಎಚ್ಚರಾಗಿ ಅಂಗಳದಲ್ಲಿ ಕೂರುತ್ತಿದ್ದ. ಎಪಿಎಂಸಿ ಹರಾಜಿಗೆ ಹೋಗುವುದು ನಿಂತಿತು. ಹಣ್ಣು ಉದುರಿ ಗಿಡದ ಬುಡದಲ್ಲೇ ಕೊಳೆತವು. ನಮ್ಮ ಕಡೆಯ ಗಂಡಸರಿಗೆ ದುಃಖ ಬಂದರೆ ಮೈನೋವಿನ ವೇಷದಲ್ಲೇ ಬರುತ್ತದೆ. ನನ್ನ ಅಂಗಡಿಗೆ ಬಂದು ನೋವಿನ ಗುಳಿಗೆ ಕೇಳಿದವರಲ್ಲಿ ಎಷ್ಟು ಜನ ಇಂಥವರಿದ್ದರೋ.

ಒಂದು ಗುರುವಾರ ಅವನು ಆರತಿಗೆ ಬಂದು ಕೂತ. ಕೈ ಮುಗಿಯಲಿಲ್ಲ. ಎದ್ದು ಹೋಗುತ್ತಾ ‘ದೇವರೂ ಬ್ಯಾಡಾಗ್ಯಾನ’ ಅಂದ. ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಅವಳಿಗೆ ಅದು ಪಾಪದ ಮಾತು. ಮೊದಲು ಮಗನಿಗೆ ಯಾವುದೋ ಗಾಳಿ ಸೋಕಿದೆ ಅಂದುಕೊಂಡವಳು, ಈಗ ದೇವರೇ ಸಿಟ್ಟಾಗಿದ್ದಾನೆ ಅಂದುಕೊಂಡಳು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಖಿನ್ನತೆಯ ದೊಡ್ಡ ಲಕ್ಷಣ ಅಂದರೆ ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿರುವುದು. ಊಟ ಇಷ್ಟವಿದ್ದವನಿಗೆ ಊಟ ಬೇಡವಾಗುತ್ತದೆ, ಮೊಮ್ಮಕ್ಕಳು ಇಷ್ಟವಿದ್ದವರಿಗೆ ಮೊಮ್ಮಕ್ಕಳು ಬೇಡವಾಗುತ್ತಾರೆ. ದೇವರ ಮೇಲೆ ಪ್ರಾಣ ಇಟ್ಟವನಿಗೆ ದೇವರು ಬೇಡವಾಗುತ್ತಾನೆ. ಭಕ್ತಿ ಬತ್ತಿದ್ದಕ್ಕೆ ರೋಗ ಬಂದಿದ್ದಲ್ಲ, ರೋಗ ಬಂದಿದ್ದಕ್ಕೆ ಭಕ್ತಿ ಬತ್ತಿದೆ. ಇದನ್ನು ಮನೆಯ ಹಿರಿಯರಿಗೆ ತಿಳಿಸಿದರೆ ಅರ್ಧ ಕೆಲಸ ಆದಂತೆ. ಎಷ್ಟೋ ಮನೆಯಲ್ಲಿ ರೋಗಿಯನ್ನು ರೋಗಕ್ಕಿಂತ ಜಾಸ್ತಿ ಕಾಡುವುದು ‘ನಾನು ಪಾಪಿ’ ಅನ್ನುವ ಯೋಚನೆ. ಅತಿಯಾದ ತಪ್ಪಿತಸ್ಥ ಭಾವವೂ ಡಾಕ್ಟರ ಪಟ್ಟಿಯಲ್ಲಿರುವ ಲಕ್ಷಣವೇ.

ಆ ಪಟ್ಟಿ ಸರಳ. ಬೇಸರ, ಆಸಕ್ತಿ ಇಲ್ಲದಿರುವುದು, ನಿದ್ದೆ, ಹಸಿವು, ಸುಸ್ತು, ತನ್ನ ಬಗ್ಗೆಯೇ ಕೀಳು ಭಾವನೆ, ಗಮನ ನಿಲ್ಲದಿರುವುದು, ಮಾತು ನಡೆ ನಿಧಾನವಾಗುವುದು ಅಥವಾ ಚಡಪಡಿಕೆ, ಸಾಯುವ ಯೋಚನೆ. ಮೊದಲೆರಡರಲ್ಲಿ ಒಂದಾದರೂ ಇದ್ದು, ಒಟ್ಟು ಐದಾದರೂ ಎರಡು ವಾರ ಬಿಡದೆ ಇದ್ದರೆ ತೋರಿಸಲೇಬೇಕು. ಖಿನ್ನತೆಯನ್ನು ಹಿಡಿದುಕೊಡುವ ರಕ್ತ ಪರೀಕ್ಷೆ ಇಲ್ಲ. ಆದರೆ ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಇದ್ದರೂ ಹೀಗೇ ಆಗಬಹುದು. ಅದಕ್ಕೇ ಡಾಕ್ಟರು ರಕ್ತ ತೆಗೆಸುತ್ತಾರೆ.

ವಾದಕ್ಕೆ ಇಳಿಯಬೇಡಿ

ನಾನು ಇಳಿದೆ. ‘ಗಾಳಿ ಇಲ್ಲ ಗೀಳಿ ಇಲ್ಲ, ಎಲ್ಲಾ ಮೂಢನಂಬಿಕೆ’ ಅಂತ ಅವ್ವನ ಮುಂದೆ ಕೂಗಾಡಿದೆ. ಅವಳು ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ನನಗೆ ಹೇಳದೆ ಅಣ್ಣನನ್ನು ಪಕ್ಕದ ಊರಿನ ಒಬ್ಬನ ಹತ್ತಿರ ಕರೆದುಕೊಂಡು ಹೋದಳು. ಅವನು 11 ಸಾವಿರ ತೆಗೆದುಕೊಂಡು, ನಮ್ಮದೇ ತೋಟದ ಲಿಂಬೆಹಣ್ಣನ್ನು ಮಂತ್ರಿಸಿ ನಮಗೇ ಕೊಟ್ಟ. ಮುಂದಿನ ಅಮಾವಾಸ್ಯೆಗೆ ಬನ್ನಿ, ಬೇವಿನ ಬರಲಿನಿಂದ ಹೊಡೆದು ಬಿಡಿಸುತ್ತೇನೆ ಅಂದನಂತೆ. ಆಗ ನಾನು ಅಡ್ಡ ನಿಂತೆ.

ಅಡ್ಡ ನಿಲ್ಲಬೇಕಾದದ್ದು ಅಲ್ಲಿ ಮಾತ್ರ. ಹೊಡೆತ, ಸರಪಳಿ, ಹೊಗೆ, ಅನ್ನ ನೀರು ಬಿಡಿಸುವುದು, ಗುಳಿಗೆ ಬಿಡಿಸುವುದು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ ಮಾಟಮಂತ್ರ ತಡೆ ಕಾಯ್ದೆಯಲ್ಲಿ ಅಪರಾಧ. 2017ರ ಕಾಯ್ದೆ, 2020ರಿಂದ ಜಾರಿಯಲ್ಲಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ದರ್ಗಾದ ಸುತ್ತಲಿದ್ದ, ಮಾನಸಿಕ ರೋಗಿಗಳನ್ನು ಇಡುತ್ತಿದ್ದ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಈ ಕಥೆಯನ್ನು ಅವ್ವನಿಗೆ ಮೆಲ್ಲಗೆ ಹೇಳಿದೆ. ಅವಳು ಮತ್ತೆ ಅಮಾವಾಸ್ಯೆಯ ಮಾತು ತೆಗೆಯಲಿಲ್ಲ.

ಉಳಿದದ್ದಕ್ಕೆಲ್ಲ ಹೂಂ ಅನ್ನಿ. ನನಗೆ ಫಲ ಕೊಟ್ಟ ಮಾತು ಇದು: ‘ಅವ್ವಾ, ಗಾಣಗಾಪುರಕ್ಕೂ ಹೋಗೂಣು, ಡಾಕ್ಟರ್ ಕಡೇನೂ ಹೋಗೂಣು. ಯಾವುದು ಮೊದಲು ಅಂತ ನೀನೇ ಹೇಳು.’ ‘ಅಥವಾ’ ಅನ್ನುವ ಮಾತನ್ನು ಬಾಯಿಗೇ ತರಬೇಡಿ. ದೇವರೋ ಡಾಕ್ಟರೋ ಅಂತ ಕೇಳಿದರೆ ನಮ್ಮ ತಾಯಂದಿರು ಯಾರನ್ನು ಆರಿಸುತ್ತಾರೆ ಅಂತ ನಿಮಗೂ ಗೊತ್ತಲ್ವಾ?

ಗಾಣಗಾಪುರಕ್ಕೇ ಮೊದಲು ಹೋದೆವು. ಭೀಮಾ ಅಮರ್ಜಾ ಸಂಗಮದಲ್ಲಿ ಸ್ನಾನ, ಮಠದಲ್ಲಿ ಪಾದುಕೆ ದರ್ಶನ. ಆರತಿಯ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹಿಡಿದು ಚೀರುವುದನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತೀರಿ. ಅಣ್ಣ ಅದ್ಯಾವುದನ್ನೂ ಮಾಡಲಿಲ್ಲ. ಸಂಗಮದ ಔದುಂಬರ ಗಿಡದ ಕೆಳಗೆ ಗೋಡೆಗೆ ಒರಗಿ ಕೂತವನು ಹಾಗೇ ನಿದ್ದೆ ಹೋದ. ಎರಡು ತಾಸು. ಎಷ್ಟೋ ವಾರಗಳಲ್ಲಿ ಅದೇ ಅವನ ಉದ್ದನೆಯ ನಿದ್ದೆ. ಅವ್ವ ಸೆರಗಿನಿಂದ ನೊಣ ಓಡಿಸುತ್ತಾ ಕೂತಿದ್ದಳು.

ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ನಿಮ್ಹಾನ್ಸ್‌ನ ವೈದ್ಯರೇ ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಜನ ಮಾನಸಿಕ ರೋಗಿಗಳನ್ನು ನೋಡಿ 2002ರಲ್ಲಿ ವರದಿ ಮಾಡಿದ್ದರು. ಸುಮಾರು ಐದು ವಾರ ಅಲ್ಲಿದ್ದವರ ಲಕ್ಷಣಗಳು ಹೆಚ್ಚೂಕಡಿಮೆ ಶೇ 20ರಷ್ಟು ಇಳಿದಿದ್ದವು. ಬೈಯದ ಜಾಗ, ಜೊತೆಗೆ ಮನೆಯವರು, ದಿನಕ್ಕೊಂದು ಕ್ರಮ. ಇಷ್ಟು ಸಿಕ್ಕರೂ ಮನುಷ್ಯ ಸ್ವಲ್ಪ ಚೇತರಿಸುತ್ತಾನೆ. ಆದರೆ ಊರಿಗೆ ಬಂದ ಹತ್ತನೇ ದಿನ ಅಣ್ಣ ಮತ್ತೆ ನಸುಕಿನ ಮೂರಕ್ಕೆ ಅಂಗಳದಲ್ಲಿದ್ದ. ಉಳಿದ ಶೇ 80ಕ್ಕೆ ಬೇರೆ ದಾರಿ ಬೇಕಿತ್ತು.

ಅಜ್ಜಾರ ಕಡೆಯಿಂದ ಹೇಳಿಸಿ

ಮನೆಯವರು ನಿಮ್ಮ ಮಾತು ಕೇಳದಿದ್ದರೆ ಅವರು ಕಾಲಿಗೆ ಬೀಳುವವರ ಕಡೆಯಿಂದ ಹೇಳಿಸಿ. ಮಠದ ಅಜ್ಜಾರು, ಪೂಜಾರಿ, ದರ್ಗಾದ ಹಜರತ್, ಚರ್ಚಿನ ಫಾದರ್, ಯಾರಾದರೂ ಸರಿ. ಆದರೆ ರೋಗಿಯನ್ನು ಕರೆದೊಯ್ಯುವ ಮೊದಲು ನೀವೊಬ್ಬರೇ ಹೋಗಿ ಬನ್ನಿ. ಗದ್ದಲ ಇಲ್ಲದ ಹೊತ್ತು ನೋಡಿಕೊಳ್ಳಿ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಸರ್ಕಾರವೂ ಒಂದು ಸಂಸ್ಥೆಯೂ ಸೇರಿ ‘ದವಾ ದುವಾ’ ಅಂತ ಇದನ್ನೇ ಕ್ರಮವಾಗಿ ಮಾಡುತ್ತಾ ಬಂದಿವೆ. ದುವಾ ಕೇಳಲು ಬಂದವರನ್ನು ಮುಜಾವರರೇ ಡಾಕ್ಟರ ಕಡೆ ಕಳಿಸುತ್ತಾರೆ.

ನಮ್ಮೂರ ಅಜ್ಜಾರ ಸಕ್ಕರೆ ಕಾಯಿಲೆಯ ಗುಳಿಗೆ ನನ್ನ ಅಂಗಡಿಯಿಂದಲೇ ಹೋಗುತ್ತದೆ. ಅದನ್ನವರು ಮುಚ್ಚಿಟ್ಟವರೂ ಅಲ್ಲ. ನಾನು ಹೋಗಿ, ‘ಅಜ್ಜಾರ, ನಿಮ್ಮ ಸಕ್ಕರಿ ಬರೇ ಜಪದಿಂದ ಇಳೀತೇನ್ರಿ?’ ಅಂದೆ. ನಕ್ಕರು. ಮರುದಿನ ಅವ್ವ ಅಣ್ಣನನ್ನು ಕರೆದುಕೊಂಡು ಹೋದಾಗ ಹಣೆಗೆ ಭಸ್ಮ ಹಚ್ಚಿ, ‘ತಮ್ಮಾ, ಮಿದುಳೂ ದೇವರು ಕೊಟ್ಟಿದ್ದ. ಅದಕ್ಕೂ ರೋಗ ಬರ್ತೈತಿ. ಗುಳಿಗಿ ತಗೊಂಡು ಮುಂದಿನ ಸೋಮವಾರ ಬಂದು ತೋರಸು’ ಅಂದರು. ನಾನು ಐದು ತಿಂಗಳು ಗಂಟಲು ಹರಿದುಕೊಂಡದ್ದನ್ನು ಅವರು ಒಂದು ನಿಮಿಷದಲ್ಲಿ ಮುಗಿಸಿದರು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.

ಡಾಕ್ಟರ ಹತ್ತಿರ

ದೂರ ಹೋಗಬೇಕಾಗಿಲ್ಲ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಯಾವ ಮಂಗಳವಾರ ಅಂತ ಮೊದಲೇ ಫೋನ್ ಮಾಡಿ ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇವೆ. ನಿದ್ದೆ ಎಷ್ಟು, ಊಟ ಎಷ್ಟು, ಯಾವ ತಿಂಗಳಿಂದ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ತಾಯತ, ನಾಟಿ ಪುಡಿ, ಕುಡಿತ, ಏನಿದ್ದರೂ ಹೇಳಿ.

ನಾವು ಮೊದಲು ತೋರಿಸಿದ ಡಾಕ್ಟರು ಅಣ್ಣನ ಕೈಯ ದಾರ ನೋಡಿ, ‘ಇದನ್ನ ಕಟ್ಟಿದವರ ಹತ್ರಾನೇ ಹೋಗಿ’ ಅಂದರು. ಅವನು ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಹಾಗಾದರೆ ಡಾಕ್ಟರನ್ನು ಬದಲಿಸಿ, ಚಿಕಿತ್ಸೆ ಬಿಡಬೇಡಿ. ಎರಡನೆಯವರು ದಾರದ ವಿಷಯವನ್ನೇ ಎತ್ತಲಿಲ್ಲ. ತೋಟದಲ್ಲಿ ಎಷ್ಟು ಗಿಡ ಇವೆ ಅಂತ ಕೇಳಿದರು.

ಓದಿದ ಮಕ್ಕಳು ‘ಈ ಗುಳಿಗೆಗಳಿಂದ ನಿಜಕ್ಕೂ ಗುಣ ಆಗುತ್ತಾ’ ಅಂತ ಕೇಳುತ್ತಾರೆ. 2018ರಲ್ಲಿ 21 ಬಗೆಯ ಖಿನ್ನತೆಯ ಔಷಧಿಗಳ ಮೇಲಿನ 522 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಪ್ಪತ್ತೊಂದೂ ಬರೀ ಹುಸಿ ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಪವಾಡವಲ್ಲ, ಆದರೆ ಕೆಲಸ ಹೌದು. ಖಿನ್ನತೆ ಹಗುರವಾಗಿದ್ದರೆ ಗುಳಿಗೆ ಇಲ್ಲದೆ ಬರೀ ಆಪ್ತಸಮಾಲೋಚನೆಯೂ ಸಾಕಾಗಬಹುದು.

ಗುಳಿಗೆ ಬಿಡುವ ಎರಡು ದಿನಗಳು

ಇದು ನನ್ನ ಕಸುಬಿನ ಮಾತು, ಗಮನ ಕೊಟ್ಟು ಓದಿ. ನನ್ನ ಗಿರಾಕಿಗಳು ಗುಳಿಗೆ ಬಿಡುವುದು ಎರಡು ಸಲ. ಮೊದಲನೆಯದು ಐದಾರನೇ ದಿನ. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಥರದವು ಗುಣ ತೋರಿಸಲು ಎರಡರಿಂದ ಆರು ವಾರ ಬೇಕು. ವಾಕರಿಕೆ, ತಲೆನೋವು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ಆಗ ‘ದೇವರಿಗೆ ಇದು ಇಷ್ಟ ಇಲ್ಲ’ ಅನ್ನುವ ಮಾತು ಹುಟ್ಟುತ್ತದೆ. ಊಟ ಆದಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ.

ಎರಡನೆಯದು ಮೂರನೇ ತಿಂಗಳು. ನಿದ್ದೆ ಬಂತು, ನಗು ಬಂತು, ‘ಹರಕೆ ಫಲಿಸಿತು, ಇನ್ಯಾಕೆ ಗುಳಿಗೆ’ ಅಂತ ಬಿಡುತ್ತಾರೆ. ಗುಣವಾದ ಮೇಲೂ ಕಡಿಮೆ ಅಂದರೆ ಆರು ತಿಂಗಳು ಮುಂದುವರಿಸಬೇಕು. ಬಿಡುವಾಗಲೂ ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಇವು ಚಟ ಹಿಡಿಸುವ ಗುಳಿಗೆಗಳಲ್ಲ. ಚೀಟಿ ಇಲ್ಲದೆ ಜನ ನನ್ನ ಹತ್ತಿರ ಬೇಡುವ ಅಲ್ಪ್ರಜೋಲಾಮ್ ಥರದ ನಿದ್ದೆ ಗುಳಿಗೆ ಇದೆಯಲ್ಲ, ಚಟ ಹಿಡಿಸುವುದು ಅದು. ಗುಳಿಗೆ ಶುರುವಾದ ಮೇಲೆ ರೋಗಿ ಇದ್ದಕ್ಕಿದ್ದಂತೆ ಅತಿ ಮಾತು, ಅತಿ ಹುರುಪು, ನಿದ್ದೆ ಬೇಡ ಅನ್ನುವ ಹಾಗಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಯಾರಿಂದ ಗುಣವಾಯಿತು ಅನ್ನುವ ಜಗಳ ಬೇಡವೇ ಬೇಡ. ಹೆಸರು ದೇವರಿಗೇ ಹೋಗಲಿ, ಗುಳಿಗೆಗೇನು ಸಿಟ್ಟು ಬರುವುದಿಲ್ಲ. ಅವ್ವ ಮಾಡಿದ ಉಪಾಯ ನನಗೆ ಹೊಳೆಯುತ್ತಲೇ ಇರಲಿಲ್ಲ. ಗುಳಿಗೆ ಪಟ್ಟಿಯನ್ನು ದೇವರ ಜಗಲಿಯ ಮೇಲೆ, ಕುಂಕುಮದ ಭರಣಿಯ ಪಕ್ಕ ಇಟ್ಟಳು. ರಾತ್ರಿ ದೀಪ ಶಾಂತ ಮಾಡುವ ಮೊದಲು ತೀರ್ಥದ ಜೊತೆ ಕೊಡುತ್ತಾಳೆ. ಕೊಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕುಂಕುಮದ ಬೊಟ್ಟು. ಒಂದು ಬೊಟ್ಟೂ ತಪ್ಪಿಲ್ಲ.

ಉಪವಾಸದ ದಿನ ಏನು ಮಾಡುವುದು ಅಂತ ಗುರುವಾರದವರೂ ಕೇಳುತ್ತಾರೆ, ರಂಜಾನಿನಲ್ಲಿ ರೋಜಾ ಇರುವವರೂ ಕೇಳುತ್ತಾರೆ. ದಿನಕ್ಕೊಂದೇ ಗುಳಿಗೆ ಇದ್ದರೆ ಹೊತ್ತು ಬದಲಿಸಿಕೊಳ್ಳಲು ಸಾಮಾನ್ಯವಾಗಿ ತೊಂದರೆ ಇಲ್ಲ, ಡಾಕ್ಟರನ್ನು ಒಂದು ಮಾತು ಕೇಳಿ. ಮನಸ್ಸಿನ ಅತಿ ಏರಿಳಿತಕ್ಕೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ನೀರು ಬಿಟ್ಟ ಉಪವಾಸ ಮಾಡಲೇಬಾರದು. ರಕ್ತದಲ್ಲಿ ಅದರ ಪ್ರಮಾಣ ಏರಿ ವಿಷವಾಗಬಹುದು.

ಇನ್ನೊಂದು ಮಾತು, ತಡ ಮಾಡುವಂತದ್ದಲ್ಲ. ‘ಸಾಯಬೇಕು ಅನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ನಾನು ಕೇಳಿದಾಗ ಅಣ್ಣ ಉತ್ತರ ಕೊಡದೆ ಗೊಬ್ಬರದ ಕೋಣೆಯ ಕಡೆ ನೋಡಿದ. ಅದೇ ಸಂಜೆ ಕೀಟನಾಶಕದ ಡಬ್ಬಿಗಳನ್ನೆಲ್ಲ ಗಾಡಿಗೆ ಹಾಕಿ ಮಾವನ ಮನೆಗೆ ಸಾಗಿಸಿದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮುಹೂರ್ತ ನೋಡಬೇಡಿ, ಆಸ್ಪತ್ರೆಗೆ ಹೋಗಿ. ಮಧ್ಯರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣ ಈಗ ಹರಾಜಿಗೆ ಹೋಗುತ್ತಾನೆ. ಹೋದ ತಿಂಗಳು ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಅವ್ವ ಮನೆಗೆ ಬಂದು ಗುಳಿಗೆ ಮುರಿದು, ಉಳಿದ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ‘ಜಗಲಿ ಮ್ಯಾಲ ಇಟ್ಟಿದ್ದು, ಎಂಜಲಾಗೂದಿಲ್ಲ ಅಲ್ಲೇನೋ?’