ಲೈಬ್ರರಿಯಿಂದ ಬೀಜದ ಕಡ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಊರಿಂದ ಬರುವಾಗ ಸೀರೆಯ ಮಡಿಕೆಯಲ್ಲಿ ಬಿತ್ತನೆ ಬೀಜ ಸುತ್ತಿ ತರಬೇಡಿ. ನಾನು ಹಾಗೇ ತಂದೆ. ಅಜ್ಜಿ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟಿದ್ದ ಅವರೆ ಬೀಜ ವಿಮಾನ ನಿಲ್ದಾಣದ ಕಸದ ತೊಟ್ಟಿಗೆ ಬಿತ್ತು. ತಪ್ಪು ತಡೆದವರದಲ್ಲ, ನನ್ನದು. ಬೀಜದ ಜೊತೆ ರೋಗವೂ ಹುಳುವೂ ಬರುತ್ತವೆ. ರೋಗ, ಹುಳು ಇಲ್ಲವೆಂಬ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಇರಬೇಕು, ಕೆಲವು ಬೀಜಕ್ಕೆ ಮೊದಲೇ ಪರ್ಮಿಟ್ ಬೇಕು, ಕಸ್ಟಮ್ಸ್‌ನಲ್ಲಿ ಹೇಳಲೇಬೇಕು. ಅದರ ಮಾತು ಇಷ್ಟು ಸಾಕು.

ಬೀಜ ಇಲ್ಲೇ ಸಿಗುತ್ತದೆ, ಅದೂ ಪುಸ್ತಕದ ಲೈಬ್ರರಿಯಲ್ಲಿ. ಇಲ್ಲೇ ಬೇ ಏರಿಯಾದ ರಿಚ್ಮಂಡ್‌ನ ಸಾರ್ವಜನಿಕ ಗ್ರಂಥಾಲಯದಲ್ಲಿ 2010ರಲ್ಲಿ ಶುರುವಾದ ಬೀಜದ ಲೈಬ್ರರಿಯನ್ನು ನೋಡಿ ಎಷ್ಟೋ ಊರಿನವರು ಕಲಿತರು. ಇಲ್ಲಿ ನಮ್ಮೂರಿನ ಲೈಬ್ರರಿಯಲ್ಲಿ ಹಳೆಯ ಮರದ ಡ್ರಾಯರುಗಳ ತುಂಬ ಸಣ್ಣ ಸಣ್ಣ ಲಕೋಟೆಗಳಿವೆ. ಹೆಸರು ಬರೆದು ತೆಗೆದುಕೊಳ್ಳಿ. ದುಡ್ಡೂ ಇಲ್ಲ, ದಂಡವೂ ಇಲ್ಲ. ಬೆಳೆದು ಬೀಜ ಹಿಡಿದರೆ ಒಂದಿಷ್ಟು ವಾಪಸು ಕೊಡಿ. ಬಿತ್ತನೆಗೆ ಸೇರು ರಾಗಿ ಕಡ ಒಯ್ದು ಸುಗ್ಗಿಯಲ್ಲಿ ತೀರಿಸುತ್ತಿದ್ದ ಮನೆಗಳವರು ನಾವು, ಇದನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಿಲ್ಲ. 2014ರಲ್ಲಿ ಪೆನ್ಸಿಲ್ವೇನಿಯಾದ ಒಂದು ಪುಟ್ಟ ಲೈಬ್ರರಿಗೆ ಬೀಜ ಮಾರುವ ಕಂಪನಿಗಳ ನಿಯಮವನ್ನೇ ಹೇರಲು ಹೋದಾಗ ಎಲ್ಲೆಡೆ ದಿಗಿಲಾಗಿತ್ತು. ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಮಾಡಿ ಇಂಥ ಕೊಡುಕೊಳ್ಳುವಿಕೆಗೆ ವಿನಾಯಿತಿ ಕೊಟ್ಟಿತು. ಸುಮ್ಮನೆ ಸಿಕ್ಕಿದ್ದಲ್ಲ, ನೆನಪಿರಲಿ.

ಈಗ ನಾನು ಮಾಡಿದ ದೊಡ್ಡ ತಪ್ಪು. ಮೊದಲ ವರ್ಷ ಕುಂಬಳದ ಬಳಗದ ಝುಕಿನಿಯ ಬೀಜ ತಂದೆ. ಕಾಯಿ ಚೆನ್ನಾಗಿ ಬಂತು. ಒಂದನ್ನು ಬಲಿಯಲು ಬಿಟ್ಟು, ಬೀಜ ತೊಳೆದು ಒಣಗಿಸಿ, ಹೆಮ್ಮೆಯಿಂದ ಲಕೋಟೆಯ ಮೇಲೆ ಹೆಸರು ಬರೆದು ಕೊಟ್ಟೆ. ಪಕ್ಕದ ಮನೆಯ ಬೇಲಿಯಲ್ಲಿ ಬಾಗಿಲ ಅಲಂಕಾರಕ್ಕೆ ಇಡುವ ಬಣ್ಣದ ಪುಟ್ಟ ಸೋರೆಯಂಥ ಕಾಯಿಗಳಿದ್ದವು. ಅವೂ ಝುಕಿನಿಯೂ ಒಂದೇ ಜಾತಿ, ಜೇನುಹುಳಕ್ಕೆ ಬೇಲಿಯಿಲ್ಲ. ಬೆರಕೆಯಾದರೂ ಆ ವರ್ಷದ ಕಾಯಿಯಲ್ಲಿ ಏನೂ ಕಾಣುವುದಿಲ್ಲ, ಬೀಜದೊಳಗೆ ಕೂತಿರುತ್ತದೆ. ಮರುವರ್ಷ ನನ್ನ ಬೀಜ ಒಯ್ದ ಮೆಕ್ಸಿಕೋ ಮೂಲದ ಅಜ್ಜಿಯೊಬ್ಬರು ಆ ಕಾಯಿ ಬೇಯಿಸಿ ತಿಂದು ರಾತ್ರಿಯೆಲ್ಲ ವಾಂತಿ ಮಾಡಿಕೊಂಡರು. ಅಷ್ಟು ಕಹಿ, ಅದು ವಿಷವೇ. ಕುಂಬಳ, ಸೋರೆ, ಸೌತೆ ಯಾವುದೇ ಇರಲಿ, ವಿಪರೀತ ಕಹಿಯಾದರೆ ಉಗುಳಿ ಬಿಸಾಡಿ. ದುಡ್ಡಿನ ಮುಖ, ಶ್ರಮದ ಮುಖ ನೋಡಬೇಡಿ.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಆಕೆ ಬೈಯಲಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋದರು. ನಾಳೆ ಅರಳಲಿರುವ ಗಂಡು ಹೂ, ಬುಡದಲ್ಲಿ ಹೀಚಿರುವ ಹೆಣ್ಣು ಹೂ, ಎರಡರ ತುದಿಯನ್ನೂ ಸಂಜೆಯೇ ಟೇಪಿನಿಂದ ಮುಚ್ಚಿದರು. ಬೆಳಿಗ್ಗೆ ಮತ್ತೆ ಬರಹೇಳಿ, ಗಂಡು ಹೂವಿನ ಎಸಳು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನೊಳಗೆ ಸವರಿ, ಪುನಃ ಮುಚ್ಚಿ, ತೊಟ್ಟಿಗೆ ಕೆಂಪು ಉಲ್ಲನ್ ದಾರ ಕಟ್ಟಿದರು. ಬೀಜಕ್ಕೆ ಆ ಕಾಯಿ ಮಾತ್ರ. ಅವರ ಪಾತಿಯಲ್ಲಿ ನಮ್ಮ ದಂಟಿನ ಸೊಪ್ಪಿನಂಥದೇ ಇತ್ತು, ಅವರಿಗೆ ಅದು ಕೆಲಿತೆ. ಒಂದು ಕಟ್ಟು ಕಿತ್ತುಕೊಟ್ಟರು. ಈ ದೇಶಕ್ಕೆ ಬಂದು ಮೂರು ವರ್ಷವಾಗಿತ್ತು, ಮೊದಲ ಸಲ ಇದು ನನ್ನ ಊರು ಅನ್ನಿಸಿದ್ದು ಅವತ್ತು ಆ ಸೊಪ್ಪಿನ ಸಾರು ಕುದಿಯುವಾಗ.

ಹಾಗಾಗಿ ಹೊಸಬರು ಕುಂಬಳದ ಸಹವಾಸಕ್ಕೆ ಹೋಗದೆ ಹುರುಳಿಕಾಯಿ, ಬಟಾಣಿ, ಟೊಮೆಟೊದಿಂದ ಶುರುಮಾಡಿ. ಇವು ಬೆರಕೆಯಾಗುವುದು ಕಡಿಮೆ. ಟೊಮೆಟೊ ಬೀಜವನ್ನು ರಸದ ಸಮೇತ ಲೋಟಕ್ಕೆ ಹಿಂಡಿ ಎರಡು ಮೂರು ದಿನ ಹುಳಿಯಲು ಬಿಡಿ. ಮೇಲೆ ಬೂಷ್ಟು ಕಟ್ಟಿದ ಮೇಲೆ ತೊಳೆದು, ತಳಕ್ಕೆ ಕೂತವನ್ನು ತಟ್ಟೆಯಲ್ಲಿ ಹರಡಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡುತ್ತದೆ. ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಮಾಡಿದ ಗಿಡದ ಬೀಜ ಹಿಡಿಯಬೇಡಿ, ತಾಯಿಯಂತೆ ಬರುವುದಿಲ್ಲ.

ಅವರೆಯ ಸಂಕಟ ಬೇರೆ. ಇಂಡಿಯನ್ ಅಂಗಡಿಯ ಒಣಕಾಳನ್ನೇ ಮೇ ತಿಂಗಳಲ್ಲಿ ಬಿತ್ತಿದೆ. ಬೇಲಿ ತುಂಬ ಹಬ್ಬಿತು, ಒಂದು ಹೂವಿಲ್ಲ. ಗೊಬ್ಬರ ಸುರಿದೆ, ನೀರು ಸುರಿದೆ. ಹಳೆಯ ಅವರೆ ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬೆಂಗಳೂರಿನ ಹಗಲು 13 ಗಂಟೆಯನ್ನೂ ಮುಟ್ಟದು, ಇಲ್ಲಿ ಹೆಚ್ಚುಕಡಿಮೆ 14 ಮುಕ್ಕಾಲು. ಅಕ್ಟೋಬರ್ ಕೊನೆಗೆ ಹೂವಾಯಿತು, ಕಾಯಿ ಬಲಿಯುವ ಮುಂಚೆ ಚಳಿ ಬಂತು. ಹಗಲಿನ ಲೆಕ್ಕವಿಲ್ಲದೆ ಹೂ ಬಿಡುವ ಹೆಬ್ಬಾಳ ಅವರೆಯಂಥ ತಳಿಯೇ ಇಲ್ಲಿಗೆ ಸರಿ. ಅಂಥ ಬೀಜವನ್ನು ಇಲ್ಲೇ ವರ್ಷಗಟ್ಟಲೆ ಉಳಿಸಿಕೊಂಡು ಬಂದಿದ್ದ ಹಾಸನದ ಅಕ್ಕ ಒಬ್ಬರು ಹನ್ನೆರಡು ಕಾಳು ಕೊಟ್ಟರು. ಆದರೆ ಸೊಗಡಿನ ಮಾತು ಎತ್ತಬೇಡಿ. ಧನುರ್ಮಾಸದ ಇಬ್ಬನಿಯಲ್ಲಿ ಬಲಿತ ಅವರೆಯ ಘಮ ಇದಕ್ಕಿಲ್ಲ. ಹಿತಕಿದ ಬೇಳೆ ಸಾರು ಮಾಡಿದಾಗಲೆಲ್ಲ ನನಗದು ತಿಳಿಯುತ್ತದೆ, ಮಗಳಿಗೆ ತಿಳಿಯುವುದಿಲ್ಲ. ಅವಳಿಗೆ ಇದೇ ಅವರೆಯ ರುಚಿ.

ಹೋದ ವರ್ಷ ಲಕೋಟೆ ಬರೆಯಲು ಅವಳನ್ನೇ ಕೂರಿಸಿದೆ. ಹೆಸರು, ಕೊಯ್ದ ವರ್ಷ, ಎಲ್ಲಿಯದು, ಮೂರೂ ಬರೆಯಲೇಬೇಕು. ‘ಎಲ್ಲಿಯದು’ ಅನ್ನುವಲ್ಲಿ ನಾನು ಹೇಳುವ ಮೊದಲೇ ನಮ್ಮ ಬೀದಿಯ ಹೆಸರು ಬರೆದಳು. ಹಾಸನ ಅಂತ ತಿದ್ದಿಸೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಹೆಸರಿನ ಜಾಗದಲ್ಲಿ ಮಾತ್ರ ಕನ್ನಡದಲ್ಲೇ ಬರೆಸಿದೆ. ‘ಅ’ ಸುತ್ತುವಾಗ ಎರಡು ಸಲ ಅಳಿಸಿದಳು.

ಲಕೋಟೆಗಳು ಬೀನ್ಸ್ ಡ್ರಾಯರಿನ ಹಿಂಭಾಗದಲ್ಲಿವೆ. ಮಣ್ಣು ಬೆಚ್ಚಗಾದ ಮೇಲೆ, ಮೇ ತಿಂಗಳಲ್ಲಿ ಬಿತ್ತಿ. ಒಂದೊಂದರಲ್ಲಿ ಹತ್ತು ಕಾಳಿದೆ, ಒಂದು ಮನೆಗೆ ಒಂದೇ ಲಕೋಟೆ.