ಯುದ್ಧಕಾಲದ ಏರ್‌ಸ್ಟ್ರಿಪ್‌ನ ಇತಿಹಾಸ ಹುಡುಕುವುದು ಹೇಗೆ?

ನಾನು ಬಳ್ಳಾರಿ ಕಡೆ ಸರ್ವೆಯರ್ ಆಗಿ ನೌಕರಿ ಮಾಡಿದವನು. ಎರಡನೇ ಮಹಾಯುದ್ಧದ ಕಾಲದ ಪಾಳುಬಿದ್ದ ಏರ್‌ಸ್ಟ್ರಿಪ್ ಬಗ್ಗೆ ಕೇಳಿಕೊಂಡು ಬರುವ ಹುಡುಗರಿಗೆ ಮೊದಲು ಕೇಳುವ ಪ್ರಶ್ನೆ ಇದು: ಆ ನೆಲ ಆಗ ಯಾರ ಆಡಳಿತದಲ್ಲಿತ್ತು? ಇದು ಗೊತ್ತಿಲ್ಲದೆ ಬೆಂಗಳೂರಿನಲ್ಲಿ ಸುಮ್ನೆ ಅಲೆದರೆ ಕೈಗೆ ಏನೂ ಸಿಗಲ್ಲ.

ಬಳ್ಳಾರಿ 1953ರ ಅಕ್ಟೋಬರ್ 1ರ ತನಕ ಮದ್ರಾಸಿಗೆ ಸೇರಿತ್ತು. ಹಾಗಾಗಿ ಹಳೇ ಸರ್ಕಾರಿ ಕಡತಗಳಿಗೆ ಚೆನ್ನೈ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬೇಕು. ರಾಯಚೂರು, ಕೊಪ್ಪಳ ನಿಜಾಮರದ್ದು. ಅಲ್ಲಿಯ ಕಾಗದ ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ ಹುಡುಕಿ. ಉರ್ದು ಓದುವವರನ್ನು ಜೊತೆಗೆ ಕರ್ಕೊಂಡು ಹೋಗಿ. 1942ರ ಕಡತಗಳಿಂದ ಶುರು ಮಾಡಿ. ಆ ವರ್ಷ ಏಪ್ರಿಲ್ 5ಕ್ಕೆ ಕೊಲಂಬೊ, 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿನ ಬಾಂಬ್ ಬಿತ್ತು. ದಕ್ಷಿಣದಲ್ಲಿ ರನ್‌ವೇ ಕೆಲಸ ಜೋರಾಗಿದ್ದು ಆಮೇಲೆ. ಬ್ರಿಟಿಷ್ ವಾಯುಪಡೆಯ ನಿಲ್ದಾಣಗಳ ದಿನಚರಿ ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿ 'ಏರ್ 28' (AIR 28) ಎಂಬ ಕಡತ ಸರಣಿಯಲ್ಲಿದೆ.

ಇನ್ನು ನೆಲ. ಬೇಸಿಗೆಯಲ್ಲಿ ಹೋಗಿ, ನಮ್ಮ ಎರೆ ಹೊಲ ಆಗ ಕೈ ತೂರುವಷ್ಟು ಬಿರಿದಿರುತ್ತದೆ. ಗರಸು ಹಾಕಿ ರೋಲರ್ ಹೊಡೆದ ಜಾಗದಲ್ಲಿ ಆ ಬಿರುಕು ನಿಲ್ಲುತ್ತದೆ, ಅದೂ ದಾರ ಹಿಡಿದಂಗೆ ನೇರವಾಗಿ. ಆ ಅಂಚಿನಲ್ಲೇ ನಡೆದು ಮೊಬೈಲಿನಲ್ಲಿ ಗುರುತು ಹಾಕುತ್ತಾ ಹೋಗಿ. ಆಮೇಲೆ ಗ್ರಾಮ ನಕ್ಷೆಯ ಮೇಲಿಟ್ಟು ನೋಡಿದರೆ ಯಾವ್ಯಾವ ಸರ್ವೆ ನಂಬರ್ ಸೀಳಿಕೊಂಡು ರನ್‌ವೇ ಹೋಗಿದೆ ಅಂತ ಕಾಣುತ್ತದೆ. ಈಗಲೂ ಸೈನ್ಯದ ಅಥವಾ ವಿಮಾನ ನಿಲ್ದಾಣದ ಜಾಗವಾದರೆ ಅನುಮತಿ ಇಲ್ಲದೆ ಕಾಲಿಡಬೇಡಿ. ತುಕ್ಕು ಹಿಡಿದ ಗುಂಡು, ಶೆಲ್ ಕಂಡರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ.

ಹಿರಿಯರನ್ನು "ಯಾವ ಇಸವಿ?" ಅಂತ ಕೇಳಬೇಡಿ. "ಅಜ್ಜಾ, ಡ್ಯಾಮಿನ ಕಾಲುವೆ ನೀರು ಬರೋಕ್ಕಿಂತ ಮೊದಲಾ?" ಅನ್ನಿ. ರಾಯಚೂರು ಕಡೆ "ರಜಾಕಾರರ ಗಲಾಟೆಗಿಂತ ಮೊದಲಾ?" ಅನ್ನಿ. ತುಂಗಭದ್ರಾ ಡ್ಯಾಮಿನ ಕಾಲುವೆಗೆ ನೀರು ಬಂದಿದ್ದು 1953, ನಿಜಾಮರ ಪರ ನಿಂತ ರಜಾಕಾರರ ಗಲಾಟೆ 1948; ಅದಕ್ಕಿಂತ ಹಿಂದೋ ಮುಂದೋ ಅನ್ನೋದು ತಾನಾಗೇ ಸಿಗುತ್ತದೆ.

ನನಗೆ ವಿಮಾನದ ಹೆಸರಿಗಿಂತ ಮುಖ್ಯ, ಯಾರ ಹೊಲ ಹೋಯಿತು ಅನ್ನೋದು. ಪರಿಹಾರ ಎಷ್ಟು ಬಂತು, ಯುದ್ಧ ಮುಗಿದ ಮೇಲೆ ಹೊಲ ವಾಪಸ್ ಕೊಟ್ಟರಾ, ಇವನ್ನು ಕೇಳಿಯೇ ಕೇಳಿ. ಹಳೇ ಪಹಣಿಯಲ್ಲಿ ಪಟ್ಟೇದಾರರ ಹೆಸರು ಸಿಕ್ಕರೆ ಒಂದು ಜೆರಾಕ್ಸ್ ಜಾಸ್ತಿ ತೆಗೆಸಿ ಆ ಮನೆಯವರಿಗೆ ಕೊಡಿ.